ಪರದೇಶದ ಎಣ್ಣೆ, ನೆರೆಯವರ ಅನ್ನ

ಪರದೇಶದ ಪದಾರ್ಥವನ್ನು ಕೊಳ್ಳುವುದೇ ದೋಷವೆಂದು ಹೇಳುವವರು ಮೊದಲು ತಮ್ಮ ಅಡುಗೆಮನೆಯನ್ನು ನೋಡಬೇಕು. ಸಾರಿಗೆ ಹಾಕುವ ಮೆಣಸಿನಕಾಯಿ ಅಮೆರಿಕದ ಮಣ್ಣಿನದು, ಪೋರ್ಚುಗೀಸರ ಹಡಗೇರಿ ಬಂದದ್ದು. ಬೆಳಗಿನ ಕಾಫಿ ಅರಬರ ನಾಡಿನಿಂದ ಬಂದದ್ದು. ಇವೆರಡನ್ನೂ ಬಿಟ್ಟು ನಮಗೆ ದಿನ ಸಾಗುವುದಿಲ್ಲ. ಆದ್ದರಿಂದ ವಸ್ತುವಿನ ಹುಟ್ಟೂರನ್ನು ಹಿಡಿದು ಪಾಪಪುಣ್ಯಗಳನ್ನು ನಿರ್ಣಯಿಸುವುದು ಸಲ್ಲದು.

ಆದರೂ ಒಂದು ವ್ಯತ್ಯಾಸವುಂಟು. ಮೆಣಸಿನಕಾಯಿ ಬಂದು ನಮ್ಮ ಹೊಲದಲ್ಲಿ ಬೇರೂರಿತು. ಇಂದು ನಂಜನಗೂಡಿನ ಅಂಗಡಿಗಳಲ್ಲಿ ಬಿಕರಿಯಾಗುವ ತಾಳೆಯೆಣ್ಣೆ ಹಾಗಲ್ಲ. ನಮ್ಮ ದೇಶ ಬಳಸುವ ಅಡುಗೆಯೆಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನದು. 2022ರ ಏಪ್ರಿಲ್ 28ರಂದು ಇಂಡೋನೇಷ್ಯ, ತನ್ನಲ್ಲೇ ಎಣ್ಣೆ ಸಾಲದೆಂದು, ತಾಳೆಯೆಣ್ಣೆಯ ರಫ್ತನ್ನು ನಿಲ್ಲಿಸಿತು. ಸೂರ್ಯಕಾಂತಿ ಎಣ್ಣೆಯನ್ನು ಕಳುಹಿಸುತ್ತಿದ್ದ ಉಕ್ರೇನ್ ಆ ವೇಳೆಗಾಗಲೇ ಯುದ್ಧದಲ್ಲಿ ಸಿಕ್ಕಿತ್ತು. ಒಂದು ತಿಂಗಳೊಳಗೆ ಆ ನಿಷೇಧ ತೆರವಾಯಿತು, ನಿಜ; ಅಲ್ಲಿಯವರೆಗೆ ನಮ್ಮ ಮನೆಯ ಒಗ್ಗರಣೆ ಜಕಾರ್ತದ ಅಪ್ಪಣೆಗೆ ಕಾಯಬೇಕಾಯಿತು. ಹುಚ್ಚೆಳ್ಳು, ಎಳ್ಳು, ಕಡಲೆಕಾಯಿಗಳನ್ನು ಅರೆಯುತ್ತಿದ್ದ ಎತ್ತಿನ ಗಾಣಗಳು ಹಳ್ಳಿಗಳಿಂದ ಬಹುಮಟ್ಟಿಗೆ ಮರೆಯಾಗಿರುವಾಗ ಬೇರೆ ದಾರಿಯಾದರೂ ಏನಿತ್ತು?

ಇಷ್ಟು ಹೇಳಿದೊಡನೆ ಒಂದು ಬಲವಾದ ಆಕ್ಷೇಪ ಎದುರಾಗುತ್ತದೆ. ಕೂಲಿಯ ದುಡ್ಡಿನಲ್ಲಿ ಸಂಸಾರ ತೂಗಿಸುವ ಹೆಣ್ಣುಮಗಳಿಗೆ ಗಾಣದ ಎಣ್ಣೆಯ ಧರ್ಮವನ್ನು ಬೋಧಿಸಲು ನಾವು ಯಾರು? ತಾಳೆಯೆಣ್ಣೆ ಅಗ್ಗವಾದುದರಿಂದಲೇ ಅವಳ ಮಕ್ಕಳ ಪಲ್ಯಕ್ಕೆ ಜಿಡ್ಡು ಬಿದ್ದದ್ದು. ಈ ಮಾತಿಗೆ ಉತ್ತರ ಹೇಳದ ಸ್ವದೇಶಿ ಉಳ್ಳವರ ಅಲಂಕಾರವೇ ಸರಿ.

ಉತ್ತರದ ಒಂದು ಪಾಲು, ನನಗೆ ತೋರುವಂತೆ, ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿದೆ. 1927ರಲ್ಲಿ ಗಾಂಧೀಜಿಯವರು ಅಲ್ಲಿನ ಖಾದಿ ಕೇಂದ್ರಕ್ಕೆ ಬಂದಿದ್ದರು. ಖಾದಿಯನ್ನು ನೂಲುತ್ತಿದ್ದವರು ಬಡ ಹೆಂಗಸರು. ಹೆಚ್ಚು ಬೆಲೆ ಕೊಟ್ಟು ಉಡಬೇಕಾದವರು ಪಟ್ಟಣಿಗರು. 1916ರಲ್ಲಿ ಮದರಾಸಿನಲ್ಲಿ ಮಾಡಿದ ಭಾಷಣದಲ್ಲಿಯೇ ಗಾಂಧೀಜಿ ಸ್ವದೇಶಿಯನ್ನು ಹತ್ತಿರದವರ ಸೇವೆಯೆಂದು ವಿವರಿಸಿದ್ದರು. ಎಂದ ಮೇಲೆ ಅದು ಕೊಳ್ಳಬಲ್ಲವನು ತೀರಿಸಬೇಕಾದ ಋಣ. ಕೊಳ್ಳಲಾರದವನ ಮೇಲೆ ಅದನ್ನು ವ್ರತವಾಗಿ ಹೊರಿಸುವುದು ಅನ್ಯಾಯ.

ಆದರೆ ಹತ್ತಿರದವರು ಯಾರು? 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿತು. ಚೀನಾದ ನೂಲು ಅಗ್ಗವಾಗಿ ನೇಕಾರನಿಗೆ ಉಸಿರು ಬಂತು. ಗೂಡಿನ ಬೆಲೆ ಬಿದ್ದು ಹಿಪ್ಪುನೇರಳೆ ಬೆಳೆಯುವ ರೈತ ಕಂಗೆಟ್ಟ. ಮೈಸೂರು ರೇಷ್ಮೆ ಸೀರೆಗೆ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆ ಟಿ. ನರಸೀಪುರದಲ್ಲಿದೆ, ಅದು ನಡೆಯುವುದು ಆ ರೈತನ ಗೂಡಿನಿಂದ. ನೇಕಾರನೂ ನಮ್ಮವನೇ, ರೈತನೂ ನಮ್ಮವನೇ. ಅಂಗಡಿಯ ಮುಂದೆ ನಿಂತ ಗಿರಾಕಿ ಒಬ್ಬನೇ ಈ ವ್ಯಾಜ್ಯವನ್ನು ತೀರಿಸಲಾರ. ಸುಂಕವನ್ನು ತೂಗಿ ವಿಧಿಸುವುದು ಸರ್ಕಾರದ ಹೊಣೆ.

ಹಾಗೆಂದು ಗಿರಾಕಿಯ ಹೊಣೆ ತೀರಿತೆನ್ನುವಂತಿಲ್ಲ. ಸೀರೆಗೆ ಸಾವಿರಾರು ರೂಪಾಯಿ ತೆರುವವರು ಅದರ ನೂಲು ಎಲ್ಲಿಯದೆಂದು ಕೇಳಲಿ. ತಿಂಗಳಿಗೊಂದು ಲೀಟರು ಗಾಣದ ಎಣ್ಣೆಯನ್ನು ಕೊಳ್ಳಲು ಶಕ್ತಿಯುಳ್ಳವರು ಕೊಳ್ಳಲಿ. ಇದರಿಂದ ಆಮದು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಒಂದು ಕಸುಬು ಇನ್ನೊಂದು ತಲೆಮಾರು ಬದುಕೀತು. ಹಡಗು ಬಾರದ ದಿನ ಆ ಕೂಲಿಯವಳ ಮನೆಗೂ ಅದೇ ಆಸರೆಯಾದೀತು.