ಕಡ್ಡಿ ಹೊತ್ತು ತಂದವನು

ಊರೂರು ತಿರುಗಿ ಬಂದ ರೈತನನ್ನು ಮನೆಯವರು 'ಏನು ತಂದ್ರಿ?' ಎಂದು ಕೇಳಿದರೆ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ನಾಲ್ಕು ಕಡ್ಡಿ ಬಿಚ್ಚಿ ತೋರಿಸುವುದುಂಟು. ಜೇಮ್ಸ್ ಬಸ್‌ಬಿ ಅಂಥ ರೈತ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, 1824ರಲ್ಲಿ ಅಪ್ಪನೊಂದಿಗೆ ಆಸ್ಟ್ರೇಲಿಯಾದ ಸಿಡ್ನಿಗೆ ಬಂದವನು. ಹಂಟರ್ ಕಣಿವೆಯಲ್ಲಿ ಅವನಿಗೆ ಕರ್ಕ್‌ಟನ್ ಎಂಬ ಜಮೀನಿತ್ತು. ಆ ನೆಲ ಅಲ್ಲಿನ ಮೂಲನಿವಾಸಿಗಳಿಂದ ಕಸಿದದ್ದು ಎಂಬುದನ್ನು ಮರೆಯುವ ಹಾಗಿಲ್ಲ.

ಸರ್ಕಾರಿ ಕೆಲಸ ಕೈತಪ್ಪಿ 1831ರಲ್ಲಿ ಬ್ರಿಟನ್ನಿಗೆ ಹೋದವನು, ನ್ಯಾಯ ಕೇಳುವುದರ ಜೊತೆಗೆ ಇನ್ನೊಂದು ಕೆಲಸ ಮಾಡಿದ. ಸ್ಪೇನಿನ ಹೆರೆಸ್, ಮಲಗಾ, ಕ್ಯಾಟಲೋನಿಯಾ ದಾಟಿ, ಫ್ರಾನ್ಸಿನ ರೋನ್ ಕಣಿವೆ, ಬರ್ಗಂಡಿ, ಷಾಂಪೇನ್‌ವರೆಗೆ ಸುಮಾರು ನಾಲ್ಕು ತಿಂಗಳು ದ್ರಾಕ್ಷಿ ತೋಟಗಳನ್ನು ಸುತ್ತಿದ. ಆಗ ಅವನಿಗೆ 29 ವರ್ಷ. ಅವನ ದಿನಚರಿಯಲ್ಲಿ ವೈನಿನ ರುಚಿಗಿಂತ ತೋಟದ ಲೆಕ್ಕವೇ ನನಗೆ ಇಷ್ಟ: ಮಣ್ಣಿನ ಬಣ್ಣ ಯಾವುದು, ಬಳ್ಳಿಯಿಂದ ಬಳ್ಳಿಗೆ ಅಂತರವೆಷ್ಟು, ಸವರುವಾಗ ಎಷ್ಟು ಕಣ್ಣು ಉಳಿಸುತ್ತಾರೆ. ಕೇಳಿ ಕಲಿಯುವ ಹಸಿವು ಅದು. ಹೊಸ ವಸಾಹತಿನಲ್ಲಿ ರಮ್ಮು ಜನರನ್ನು ಹಾಳುಮಾಡುತ್ತಿದ್ದುದನ್ನು ಅವನು ಕಂಡಿದ್ದ. ಸಣ್ಣ ಹಿಡುವಳಿದಾರನೂ ತನ್ನ ಹೊಲದಲ್ಲಿ ಬೆಳೆದ ಹಗುರವಾದ ವೈನನ್ನು ಊಟದ ಜೊತೆ ಕುಡಿಯಲಿ ಎಂಬುದು ಅವನ ಆಸೆ. ಅಂಥವರಿಗೆಂದೇ 1830ರಲ್ಲಿ ಕೈಪಿಡಿಯನ್ನೂ ಬರೆದಿದ್ದ.

ಫ್ರಾನ್ಸಿನ ಮಾಂಪೆಲಿಯೆ ಸಸ್ಯೋದ್ಯಾನದವರು 400ಕ್ಕೂ ಹೆಚ್ಚು ತಳಿಗಳ ಕಡ್ಡಿ ಕೊಟ್ಟರು. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದಿಂದ ನೂರಕ್ಕೂ ಮಿಕ್ಕಿ ಸಿಕ್ಕವು. ಚಳಿಗಾಲದಲ್ಲಿ ಎಲೆ ಉದುರಿಸಿದ ದ್ರಾಕ್ಷಿ ಕಡ್ಡಿ ನಿದ್ದೆಯಲ್ಲಿರುತ್ತದೆ. ತೇವ ಆರದಂತೆ, ಕೊಳೆಯದಂತೆ ಕಾಪಾಡಿದರೆ ದೂರದ ಪ್ರಯಾಣ ತಡೆಯುತ್ತದೆ. ಆದರೂ ಭೂಮಧ್ಯರೇಖೆಯ ಸೆಕೆ ದಾಟಿ ತಿಂಗಳುಗಟ್ಟಲೆ ಸಮುದ್ರದ ಮೇಲೆ! 1833ರ ಹೊತ್ತಿಗೆ ಸಿಡ್ನಿ ಸಸ್ಯೋದ್ಯಾನದಲ್ಲಿ 362 ತಳಿಗಳು ಜೀವ ಹಿಡಿದಿದ್ದವು.

ಆ ಸಂಗ್ರಹವನ್ನು ಬಸ್‌ಬಿ ತನ್ನ ಬೇಲಿಯೊಳಗೆ ಬಚ್ಚಿಡಲಿಲ್ಲ, ಸರ್ಕಾರಕ್ಕೆ ಕೊಟ್ಟುಬಿಟ್ಟ. ಬೇಕಾದವರಿಗೆ ಹಂಚಲಿ ಎಂದು. ಇನ್ನೊಂದು ಪಾಲು ಕರ್ಕ್‌ಟನ್‌ಗೆ ಹೋಯಿತು. ಮುಂದೆ ಸಿಡ್ನಿಯ ಸಾಲುಗಳು ಆರೈಕೆಯಿಲ್ಲದೆ ಹಾಳಾದವು. ಕರ್ಕ್‌ಟನ್ನಿನಲ್ಲಿ ಅವನ ಭಾವ ನೋಡಿಕೊಂಡ ಬಳ್ಳಿಗಳು ಉಳಿದು, ಕಣಿವೆಯ ತೋಟದಿಂದ ತೋಟಕ್ಕೆ ಹಬ್ಬಿದವು.

ತಂದವನು ಮಾತ್ರ ಅಲ್ಲಿರಲಿಲ್ಲ. 1833ರಲ್ಲೇ ಬ್ರಿಟಿಷ್ ಪ್ರತಿನಿಧಿಯಾಗಿ ನ್ಯೂಜಿಲೆಂಡಿಗೆ ಹೋಗಿದ್ದ. ಅಲ್ಲಿಯೂ ವೈಟಾಂಗಿಯ ಮನೆಯ ಬಳಿ ಬಳ್ಳಿ ನೆಟ್ಟ. 1840ರಲ್ಲಿ ಫ್ರೆಂಚ್ ನಾವಿಕ ದ್ಯುಮಾಂ ದುರ್ವಿಲ್ ಆ ವೈನು ಕುಡಿದು ಮೆಚ್ಚಿ ಬರೆದ.

ಬಸ್‌ಬಿಯ ಗಂಟಿನಲ್ಲಿ ರೋನ್ ಕಣಿವೆಯ ಹರ್ಮಿಟೇಜ್ ಗುಡ್ಡದ ಕಡ್ಡಿಯೂ ಇತ್ತು. ಆ ಗುಡ್ಡದ ಕಪ್ಪು ದ್ರಾಕ್ಷಿಯನ್ನೇ ಇಂದು ಶಿರಾಜ್ ಎನ್ನುವುದು. ಅದನ್ನು ಸನ್ಯಾಸಿಯೊಬ್ಬ ಪರ್ಷಿಯಾದಿಂದ ತಂದನೆಂಬ ಕಥೆಯನ್ನು ಮುಂದೆ ಡಿಎನ್‌ಎ ಪರೀಕ್ಷೆ ಅಲ್ಲಗಳೆದಿದೆ. ತಳಿ ಫ್ರಾನ್ಸಿನದೇ. ಆದರೆ ಆ ತವರಿನಲ್ಲೇ ಬಳ್ಳಿಗೆ ಆಪತ್ತು ಬಂತು: 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರು ಹೀರುವ ಹೇನು ಫ್ರಾನ್ಸಿನ ತೋಟಗಳನ್ನು ಒಣಗಿಸಿತು. ಅಮೆರಿಕದ ಕಾಡುಬಳ್ಳಿಯ ಬೇರಿಗೆ ತಮ್ಮ ತಳಿಯನ್ನು ಕಸಿ ಕಟ್ಟಿಯೇ ಅಲ್ಲಿನ ಬೆಳೆಗಾರರು ಬದುಕಿಕೊಂಡರು. ನಮ್ಮ ವಿಜಯಪುರದ ಬೆಳೆಗಾರರು ಬರ, ಸವಳು ತಡೆಯಲೆಂದು ಕಸಿ ಕಟ್ಟುವ ಡಾಗ್ರಿಜ್ ಬೇರೂ ಅದೇ ಅಮೆರಿಕದ್ದು.

ಹಂಟರ್ ಕಣಿವೆಗೆ ಆ ಹೇನು ಬರಲೇ ಇಲ್ಲ. 1879ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಅಲ್ಲಿ ಈಗಲೂ ಕಸಿಯಿಲ್ಲದೆ, ಸ್ವಂತ ಬೇರಿನ ಮೇಲೆ ನಿಂತು ಕಾಯಿ ಬಿಡುತ್ತಿವೆ. ಬುಡಗಳು ಗಂಟುಗಂಟಾಗಿವೆ. ಪ್ರತಿ ಚಳಿಗಾಲ ತೋಟದವರು ಅವುಗಳ ನಡುವೆ ಬಗ್ಗಿ ನಿಂತು, ಕಣ್ಣು ಎಣಿಸಿ ಸವರುತ್ತಾರೆ.