ಅಗಲಿದವರ ಹೆಸರಿನಲ್ಲಿ ಓಟ



ನಮ್ಮ ಕರ್ಜಗಿಯಲ್ಲಿ ಓಟವೆಂದರೆ ಜನರಿಗೆ ನೆನಪಾಗುವುದು ಕಾರಹುಣ್ಣಿಮೆ. ಆಗ ಎತ್ತು, ಬಂಡಿಗಳ ಓಟ ನೋಡಲು ಸುತ್ತಲಿನ ಊರುಗಳಿಂದ ಜನ ಬರುತ್ತಾರೆ. ಉಳಿದ ದಿನಗಳಲ್ಲಿ ಇಲ್ಲಿ ಮನುಷ್ಯರು ಓಡುವುದು ರೈಲು ತಪ್ಪೀತೆಂಬ ಅವಸರಕ್ಕೆ ಮಾತ್ರ. ಹೀಗಿರುವಾಗ 2024ರ ಈದುಲ್ ಫಿತ್ರ್‌ನ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, "ಹಜ್ರತ್, ಈ ತಿಂಗಳ ಕಡೀ ರವಿವಾರ ಬೆಂಗಳೂರಾಗ ಅಮ್ಮಾನ ಹೆಸರಿಲೆ ಹತ್ತು ಕಿಲೋಮೀಟರ್ ಓಡಬೇಕಂತ ಮಾಡೇನ್ರಿ. ಅದು ಅಕಿಗೆ ಮುಟ್ಟತದೇನ್ರಿ?" ಎಂದು ಕೇಳಿದಾಗ ನಾನು ನಕ್ಕುಬಿಟ್ಟೆ.

ಆ ಹುಡುಗನ ತಾಯಿಯನ್ನು ನಾನು ಬಲ್ಲೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಮಾಡಿ ಮಕ್ಕಳನ್ನು ಓದಿಸಿದವರು. ಮೂತ್ರಪಿಂಡ ಕೆಟ್ಟು ಕಡೆಯ ನಾಲ್ಕು ವರ್ಷ ವಾರಕ್ಕೆರಡು ಬಾರಿ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಹೋಗಿ ಬರುತ್ತಿದ್ದರು. ರೈಲು ಬಂದು ನಿಲ್ಲುವ ಮೊದಲೇ ಈ ಹುಡುಗ ಪ್ಲಾಟ್‌ಫಾರ್ಮಿನುದ್ದಕ್ಕೂ ಓಡಿ ಅವರಿಗೊಂದು ಸೀಟು ಹಿಡಿಯುತ್ತಿದ್ದ. ತಾಯಿ ತೀರಿಕೊಂಡ ಬಳಿಕ ಬೆಂಗಳೂರು ಸೇರಿದ. ಅಲ್ಲಿ ಪ್ರತಿವರ್ಷ ನಡೆಯುವ 'ವರ್ಲ್ಡ್ ಟೆನ್ ಕೆ' ಓಟಕ್ಕೆ ಹೆಸರು ಕೊಟ್ಟಿದ್ದ. ಪರಿಚಿತರಿಂದ ಹಣ ಕೂಡಿಸಿ, ಬಡವರ ಡಯಾಲಿಸಿಸ್‌ಗೆ ನೆರವಾಗುವ ಸಂಸ್ಥೆಯೊಂದಕ್ಕೆ ಸಲ್ಲಿಸುವ ಉದ್ದೇಶ ಅವನದು.

ನಾನು ಹೇಳಿದ್ದು ಇಷ್ಟು: "ಅದೆಲ್ಲಾ ಪ್ಯಾಟಿ ಮಂದಿ ಶೋಕಿ. ಓಡಿದ್ರ ಕಾಲ್ ನೋಯ್ತಾವ, ಮತ್ತೇನೂ ಇಲ್ಲ. ಕುಂತು ದುಆ ಮಾಡು."

ಅವನು ಎದುರಾಡಲಿಲ್ಲ. ಅರ್ಧ ಕುಡಿದ ಶೀರ್ ಖುರ್ಮಾದ ಬಟ್ಟಲನ್ನು ಕೆಳಗಿಟ್ಟು, ಸಲಾಮ್ ಹೇಳಿ ಹೋದ. ಅಂದು ಇಶಾ ನಮಾಝಿನ ಬಳಿಕವೂ ಆ ಬಟ್ಟಲು ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ. ಪ್ರಶ್ನೆ ಕೇಳಿದವನಿಗೆ ನಾನು ಉತ್ತರ ಕೊಟ್ಟಿರಲಿಲ್ಲ, ಅಭಿಪ್ರಾಯ ಕೊಟ್ಟಿದ್ದೆ. ಇವೆರಡರ ಅಂತರವನ್ನು ಮಕ್ಕಳಿಗೆ ಕಲಿಸುವವನೇ ನಾನು! ನಾಚಿಕೆಯಿಂದಲೇ ಗ್ರಂಥಗಳನ್ನು ತೆರೆದು ಕುಳಿತೆ. ಅಂದು ಕಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಓಟ ನಮ್ಮ ಧರ್ಮಕ್ಕೆ ಹೊರಗಿನದೇ? ಅಲ್ಲ. ಪ್ರವಾದಿವರ್ಯರು(ಸ) ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದರು. ಮೊದಲ ಬಾರಿ ಅವರು ಗೆದ್ದರು. ಕೆಲವು ಕಾಲದ ನಂತರ ಪ್ರವಾದಿವರ್ಯರು(ಸ) ಗೆದ್ದು, ಇದು ಅಂದಿನದಕ್ಕೆ ಬದಲು ಎಂದು ವಿನೋದ ಮಾಡಿದರು. ಸಲಮಾ ಇಬ್ನುಲ್ ಅಕ್ವಅ್(ರ) ಎಂಬ ಸಹಾಬಿಯಂತೂ ಕಾಲ್ನಡಿಗೆಯಲ್ಲೇ ಶತ್ರುಗಳನ್ನು ಬೆನ್ನಟ್ಟಿದ ಓಟಗಾರ. ಅವರು ಪ್ರವಾದಿವರ್ಯರ(ಸ) ಅನುಮತಿ ಪಡೆದು ಅನ್ಸಾರಿಯೊಬ್ಬರ ಜೊತೆ ಮದೀನಾದವರೆಗೆ ಓಡಿ ಗೆದ್ದ ವೃತ್ತಾಂತ ಸಹೀಹ್ ಮುಸ್ಲಿಮ್‌ನಲ್ಲಿದೆ. ಆದ್ದರಿಂದ ಓಟ ಅನುಮತಿಸಲ್ಪಟ್ಟ ಕಾರ್ಯ. ಔರತ್ ಮುಚ್ಚಿರಬೇಕು, ನಮಾಝ್ ತಪ್ಪಬಾರದು, ಜೂಜು ಸೇರಬಾರದು. ಇದರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ.

ಆದರೆ ಹುಡುಗ ಕೇಳಿದ್ದು ಬೇರೆ. ಪ್ರೀತಿಪಾತ್ರರಿಗಾಗಿ ಓಡಬಹುದೇ, ಅದು ಅವರಿಗೆ ಮುಟ್ಟುತ್ತದೆಯೇ ಎಂಬುದು ಅವನ ಪ್ರಶ್ನೆ.

ಓದುಗರೇ, ಪ್ರೀತಿಪಾತ್ರರಿಗಾಗಿ ಓಡಿದ ಓಟಗಳಲ್ಲಿ ನಮಗೆಲ್ಲ ಗೊತ್ತಿರುವುದು ಯಾವುದು? ಹಾಜಿರಾ(ಅ)ರದು. ಹಸಿದ ಕಂದ ಮರಳುಗಾಡಿನಲ್ಲಿ ನೀರಿಲ್ಲದೆ ಒದ್ದಾಡುತ್ತಿದೆ. ತಾಯಿ ಸಫಾ ಬೆಟ್ಟವನ್ನೇರಿ ನೋಡುತ್ತಾಳೆ, ಯಾರೂ ಕಾಣುವುದಿಲ್ಲ. ಕಣಿವೆಗೆ ಇಳಿದು ಓಡುತ್ತಾಳೆ, ಮರ್ವಾವನ್ನೇರುತ್ತಾಳೆ, ಅಲ್ಲಿಯೂ ಯಾರಿಲ್ಲ. ಹೀಗೆ ಏಳು ಸಲ. ಇಂದು ಹಜ್ಜ್ ಉಮ್ರಾಗಳಿಗೆ ಹೋದವರೆಲ್ಲರೂ ಆ ದಾರಿಯನ್ನೇ ಏಳು ಬಾರಿ ಕ್ರಮಿಸುತ್ತಾರೆ. ಒಟ್ಟು ಮೂರು ಕಿಲೋಮೀಟರಿಗೆ ತುಸು ಹೆಚ್ಚು. ಹಸಿರು ದೀಪಗಳ ನಡುವೆ ಗಂಡಸರು ಹಗುರವಾಗಿ ಓಡುತ್ತಾರೆ. ಅದಕ್ಕೆ ಸಈ ಎಂದು ಹೆಸರು. ಅರಬಿಯಲ್ಲಿ ಈ ಪದಕ್ಕೆ ಓಟವೆಂಬ ಅರ್ಥವೂ ಉಂಟು, ಪ್ರಯತ್ನವೆಂಬ ಅರ್ಥವೂ ಉಂಟು. ಮನುಷ್ಯನಿಗೆ ಅವನು ಮಾಡಿದ ಪ್ರಯತ್ನವಲ್ಲದೆ ಬೇರೇನೂ ದಕ್ಕದು ಎಂದು ಅನ್ನಜ್ಮ್ ಅಧ್ಯಾಯದಲ್ಲಿ ತಿಳಿಸುವಾಗ ಕುರ್‌ಆನ್ ಬಳಸುವುದೂ ಇದೇ ಧಾತುವನ್ನು.

ಇನ್ನೊಂದನ್ನೂ ಗಮನಿಸಿ. ಆ ತಾಯಿ ಓಡಿದ್ದು ಸಫಾ ಮರ್ವಾಗಳ ನಡುವೆ. ನೀರು ಚಿಮ್ಮಿದ್ದು ಅಲ್ಲಲ್ಲ, ದೂರದಲ್ಲಿ ಮಲಗಿದ್ದ ಮಗುವಿನ ಬಳಿ. ಅಂದರೆ ಝಮ್‌ಝಮ್ ಆಕೆಯ ಕಾಲುಗಳ ಶಕ್ತಿಯಿಂದ ಬಂದದ್ದಲ್ಲ. ಓಡುವುದು ಆಕೆಯ ಪಾಲಿನ ಕೆಲಸವಾಗಿತ್ತು, ನೀರು ಕೊಡುವುದು ಅಲ್ಲಾಹನ ಕೆಲಸವಾಗಿತ್ತು.

ಇದನ್ನು ಹೇಳಲು ಕಾರಣವಿದೆ. ಇಂದು ಜಗತ್ತಿನ ಎಲ್ಲೆಡೆ ಜನ ಅಗಲಿದವರ ನೆನಪಿನಲ್ಲಿ ಓಡುತ್ತಿದ್ದಾರೆ. ಮ್ಯಾರಥಾನ್ ಎಂದರೆ 42 ಕಿಲೋಮೀಟರ್ 195 ಮೀಟರ್. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಈ ಓಟ ಹತ್ತು ಕಿಲೋಮೀಟರಿನದು. ಎರಡರಲ್ಲೂ ಎದೆಯ ಮೇಲೆ ತಂದೆಯ, ಮಗಳ, ಗೆಳೆಯನ ಹೆಸರು ಬರೆದುಕೊಂಡು ಓಡುವವರಿದ್ದಾರೆ. ಕೆನಡಾದ ಟೆರಿ ಫಾಕ್ಸ್ ಎಂಬ ತರುಣ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡು, ಕೃತಕ ಕಾಲಿನಲ್ಲಿ 1980ರಲ್ಲಿ ದೇಶದ ಉದ್ದಕ್ಕೂ ಓಡಲು ಹೊರಟ. ದಿನಕ್ಕೆ ಸುಮಾರು ಒಂದು ಮ್ಯಾರಥಾನಿನಷ್ಟು ದೂರ, 143 ದಿನ ಓಡಿದ. ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ ನಿಲ್ಲಿಸಿದ, ಮರುವರ್ಷ ತೀರಿಕೊಂಡ. ಆಸ್ಪತ್ರೆಯಲ್ಲಿ ತಾನು ಕಂಡ ಇತರ ರೋಗಿಗಳ ನೋವೇ ಅವನನ್ನು ಓಡಿಸಿತ್ತು. ಕ್ಯಾನ್ಸರ್ ಸಂಶೋಧನೆಗೆಂದು ಕೋಟಿಗಟ್ಟಲೆ ಹಣ ಸೇರಿತು, ಅವನ ಹೆಸರಿನ ಓಟಗಳು ಇಂದಿಗೂ ಹಣ ಕೂಡಿಸುತ್ತಿವೆ. ಪಂಜಾಬಿನ ರೈತ ಫೌಜಾ ಸಿಂಗ್ 1992ರಲ್ಲಿ ಪತ್ನಿಯನ್ನೂ 1994ರಲ್ಲಿ ಮಗನನ್ನೂ ಕಳೆದುಕೊಂಡ ಬಳಿಕ ಓಟದಲ್ಲಿ ಜೀವ ಹಿಡಿದರು. 2000ದಲ್ಲಿ, 89ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದರು. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ಆರೈಕೆಯ ಸಂಸ್ಥೆಗಾಗಿಯೂ ಓಡಿದರು. 2025ರ ಜುಲೈಯಲ್ಲಿ ತಮ್ಮ ಊರಿನ ಬಳಿ ರಸ್ತೆ ಅಪಘಾತದಲ್ಲಿ ತೀರಿಹೋದರು. ಅನ್ಯಧರ್ಮದವರೆಂಬ ಕಾರಣಕ್ಕೆ ಇಂಥವರಿಂದ ಕಲಿಯಲು ನಾವು ಹಿಂಜರಿಯಬೇಕಿಲ್ಲ. ದುಃಖ ಎಲ್ಲರಿಗೂ ಒಂದೇ ಬಗೆಯಾಗಿ ಬರುತ್ತದೆ. ಕೆಲವರು ಅದನ್ನು ಮನೆಯೊಳಗೆ ಕೂಡಿಹಾಕುತ್ತಾರೆ, ಕೆಲವರು ಇನ್ನೊಬ್ಬರಿಗೆ ಉಪಯೋಗವಾಗುವಂತೆ ಹೊರಗೆ ಹರಿಸುತ್ತಾರೆ.

ಆದರೆ ಇಲ್ಲಿ ಒಂದು ತಪ್ಪು ತಿಳುವಳಿಕೆ ನುಸುಳುತ್ತದೆ. ನಾನು ಎಷ್ಟು ನೋವು ಉಂಡೆನೋ ಅಷ್ಟು ಪುಣ್ಯ ತಾಯಿಗೆ ಮುಟ್ಟೀತು ಎಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ. ಒಮ್ಮೆ ಪ್ರವಾದಿವರ್ಯರು(ಸ) ಒಬ್ಬ ಮುದುಕನನ್ನು ಕಂಡರು. ಇಬ್ಬರು ಮಕ್ಕಳ ಹೆಗಲಿಗೆ ಜೋತುಬಿದ್ದು ಕಾಲೆಳೆಯುತ್ತಿದ್ದ. ಏನೆಂದು ವಿಚಾರಿಸಿದಾಗ, ನಡೆದೇ ಹೋಗುವುದಾಗಿ ಹರಕೆ ಹೊತ್ತಿದ್ದಾನೆಂದು ತಿಳಿಯಿತು. ಈತ ತನ್ನನ್ನು ಹೀಗೆ ಹಿಂಸಿಸಿಕೊಳ್ಳುವುದು ಅಲ್ಲಾಹನಿಗೆ ಬೇಕಿಲ್ಲವೆಂದು ಹೇಳಿ, ವಾಹನವೇರಲು ಆಜ್ಞಾಪಿಸಿದರು. ಮೊಣಕಾಲು ಊದಿಸಿಕೊಂಡವನಿಗೆ ಊದಿದ ಮೊಣಕಾಲೇ ಪ್ರತಿಫಲವಲ್ಲ. ಬರಿಯ ಓಟ ಬರಿಯ ಓಟವೇ.

ಹಾಗಾದರೆ ಮುಟ್ಟುವುದು ಯಾವುದು? ಸಅ್‌ದ್ ಬಿನ್ ಉಬಾದಾ(ರ)ರವರು ಊರಲ್ಲಿಲ್ಲದಾಗ ಅವರ ತಾಯಿ ತೀರಿಕೊಂಡರು. ಕಡೆಗಳಿಗೆಯಲ್ಲಿ ಬಳಿಯಿರಲಾಗದ ಮಗನ ಸಂಕಟ ನಿಮಗೆ ತಿಳಿದೇ ಇದೆ. ಹಿಂದಿರುಗಿದ ಅವರು, ತಾಯಿಯ ಪರವಾಗಿ ದಾನ ಮಾಡಿದರೆ ಅವರಿಗೆ ಪ್ರಯೋಜನವಾದೀತೇ ಎಂದು ಪ್ರವಾದಿವರ್ಯರಲ್ಲಿ(ಸ) ಕೇಳಿದರು. ಹೌದೆಂಬ ಉತ್ತರ ಬಂದೊಡನೆ ಮಿಖ್ರಾಫ್ ಎಂಬ ತಮ್ಮ ತೋಟವನ್ನೇ ದಾನ ಮಾಡಿದರು. ತಾಯಿಯ ಹೆಸರಿನಲ್ಲಿ ಅವರು ಬಾವಿ ತೋಡಿಸಿದ ವರದಿಯೂ ಇದೆ. ಸತ್ತವರ ಪರವಾಗಿ ಮಾಡಿದ ದಾನ ಮತ್ತು ದುಆ ಅವರಿಗೆ ಉಪಯುಕ್ತವೆಂಬುದರಲ್ಲಿ ಅಹ್ಲೆ ಸುನ್ನತ್‌ನ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಹುಡುಗನ ಓಟ ಮುಟ್ಟುವುದಿಲ್ಲ, ಆ ಓಟದ ನೆಪದಲ್ಲಿ ಅವನು ತನ್ನ ಸಂಬಳದಿಂದ ತಾಯಿಯ ಪರವಾಗಿ ಕೊಟ್ಟದ್ದು ಇನ್‌ಶಾ ಅಲ್ಲಾಹ್ ಮುಟ್ಟುತ್ತದೆ. ಇತರರು ಕೊಟ್ಟ ಹಣದ ಪ್ರತಿಫಲ ಅವರವರ ಉದ್ದೇಶದಂತೆ. ಹಾಗೆಯೇ ಝಕಾತ್‌ನ ಹಣವನ್ನು ಇದರಲ್ಲಿ ಬೆರೆಸಬಾರದು, ಅದಕ್ಕೆ ಅರ್ಹರು ನಿಗದಿಯಾಗಿದ್ದಾರೆ.

ಎಲ್ಲರೆದುರು ಹಣ ಕೇಳುವುದು ತೋರಿಕೆಯಲ್ಲವೇ ಎಂದು ನಮ್ಮ ಮಸೀದಿಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಅವರ ಆತಂಕ ಸುಳ್ಳಲ್ಲ. ಉದಾರಿಯೆನಿಸಿಕೊಳ್ಳಲೆಂದು ಕೊಟ್ಟವನನ್ನು ನರಕಕ್ಕೆ ಎಳೆದೊಯ್ಯುವ ಹದೀಸನ್ನು ಓದಿದ ಯಾರೂ ನಿಶ್ಚಿಂತರಾಗಿರಲಾರರು. ಆದರೆ ಮುದರ್ ಗೋತ್ರದ ಬಡವರು ಹರಕು ಬಟ್ಟೆಯಲ್ಲಿ ಮದೀನಾಕ್ಕೆ ಬಂದಾಗ ಪ್ರವಾದಿವರ್ಯರು(ಸ) ಬಹಿರಂಗವಾಗಿಯೇ ಜನರಲ್ಲಿ ನೆರವು ಕೇಳಿದರು. ಒಬ್ಬ ಅನ್ಸಾರಿ ಕೈಯಲ್ಲಿ ಹಿಡಿಯಲಾರದಷ್ಟು ಭಾರದ ಥೈಲಿಯನ್ನು ಎಲ್ಲರೆದುರೇ ತಂದಿಟ್ಟ. ಅವನನ್ನು ನೋಡಿ ಉಳಿದವರೂ ತಂದರು, ಆಹಾರ ಮತ್ತು ಬಟ್ಟೆಗಳ ಎರಡು ರಾಶಿಗಳಾದವು. ಪ್ರವಾದಿವರ್ಯರ(ಸ) ಮುಖ ಅರಳಿತು. ಮೊದಲು ದಾರಿ ತೋರಿದವನಿಗೆ ಹಿಂಬಾಲಿಸಿದವರ ಪ್ರತಿಫಲದಷ್ಟೂ ಉಂಟೆಂದು ಅಂದೇ ತಿಳಿಸಿದರು. ಬಹಿರಂಗ ದಾನ ಒಳ್ಳೆಯದು, ಗುಪ್ತ ದಾನ ಮೇಲು ಎಂಬುದು ಕುರ್‌ಆನ್ ಕಲಿಸುವ ಪಾಠ. ಹಣ ಕೂಡಿಸುವುದು ಬಹಿರಂಗವಾಗಿರಲಿ, ನಿನ್ನ ಕೈಯದು ಗುಪ್ತವಾಗಿರಲಿ ಎಂದು ಹುಡುಗನಿಗೆ ಹೇಳಬಹುದೆಂದುಕೊಂಡೆ.

ಬೆಳಗ್ಗೆ ಅವನ ಮನೆಗೆ ಹೋದೆ. ನಿನ್ನೆ ನಾನು ಆಡಿದ್ದು ತಪ್ಪೆಂದು ಅವನ ಅಣ್ಣನ ಮುಂದೆಯೇ ಒಪ್ಪಿಕೊಂಡೆ. ಬಳಿಕ ಇಷ್ಟನ್ನೂ ವಿವರಿಸಿ ಒಂದು ಪ್ರಶ್ನೆ ಕೇಳಿದೆ: "ಅಮ್ಮಾಂದು ಯಾರದಾದ್ರೂ ಬಾಕಿ ಐತೇನು?"

ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಬಾಕಿ ಇತ್ತು. ಜೊತೆಯಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ನೆರೆಯ ಅಜ್ಜಿಯೊಬ್ಬರಿಂದ ಔಷಧಿಗೆಂದು ಆರು ಸಾವಿರ ರೂಪಾಯಿ ತೆಗೆದುಕೊಂಡಿದ್ದರು. ಆ ಅಜ್ಜಿ ಮುಸ್ಲಿಮರಲ್ಲ, ಕಾಗದಪತ್ರ ಏನೂ ಇಲ್ಲ, ಒಮ್ಮೆಯೂ ಬಂದು ಕೇಳಿದವರಲ್ಲ. ಕೇಳದ ಸಾಲವನ್ನು ಎರಡು ವರ್ಷದಿಂದ ಮಕ್ಕಳಿಬ್ಬರೂ ಮರೆತಂತೆ ಇದ್ದರು.

ಓದುಗರೇ, ಕೆಲವೇ ದೀನಾರ್ ಸಾಲವಿದ್ದ ವ್ಯಕ್ತಿಯ ಜನಾಝಾ ನಮಾಝಿಗೆ ಪ್ರವಾದಿವರ್ಯರು(ಸ) ಮುಂದೆ ನಿಲ್ಲಲಿಲ್ಲ. ಅಬೂ ಕತಾದಾ(ರ) ಆ ಸಾಲವನ್ನು ಹೊತ್ತುಕೊಂಡ ಮೇಲಷ್ಟೇ ನಿಂತರು. ಕಫನ್ ದಫನ್‌ಗಳ ಖರ್ಚು ಕಳೆದರೆ ಸತ್ತವರ ಸೊತ್ತಿನ ಮೇಲೆ ಮೊದಲ ಹಕ್ಕು ಸಾಲದ್ದು. ವಾರಸುದಾರರ ಪಾಲು ಆಮೇಲೆ. ಮಗ ಬೆಂಗಳೂರಿನ ಬೀದಿಯಲ್ಲಿ ತಾಯಿಯ ಹೆಸರು ಹೊತ್ತು ಓಡುತ್ತಾನೆ, ಆ ಹೆಸರಿನ ಮೇಲಿನ ಬಾಕಿ ಕರ್ಜಗಿಯಲ್ಲಿ ಮೂರು ಮನೆಯಾಚೆ ಕುಳಿತಿದೆ. ನಾವೂ ಹೀಗೆಯೇ ಅಲ್ಲವೇ? ತಂದೆಯ ಹೆಸರಿನಲ್ಲಿ ಊರಿಗೆಲ್ಲ ಊಟ ಹಾಕಿಸುತ್ತೇವೆ, ತಂದೆಯ ಸಾಲಗಾರ ಎದುರಿಗೆ ಬಂದರೆ ಓಣಿ ಬದಲಿಸುತ್ತೇವೆ. ತಾಯಿಯ ಫೋಟೋಕ್ಕೆ ಚೌಕಟ್ಟು ಹಾಕಿಸುತ್ತೇವೆ, ತಾಯಿಯ ಗೆಳತಿಯನ್ನು ಮಾತಾಡಿಸುವುದಿಲ್ಲ. ಇಬ್ನು ಉಮರ್(ರ) ದಾರಿಯಲ್ಲಿ ಸಿಕ್ಕ ಹಳ್ಳಿಗನೊಬ್ಬನಿಗೆ ತಮ್ಮ ಕತ್ತೆಯನ್ನೂ ತಲೆಯ ಮುಂಡಾಸನ್ನೂ ಕೊಟ್ಟುಬಿಟ್ಟರು. ಅವನ ತಂದೆ ತಮ್ಮ ತಂದೆಯ ಸ್ನೇಹಿತನೆಂಬುದೊಂದೇ ಅದಕ್ಕೆ ಕಾರಣ.

ಹುಡುಗ ಏಪ್ರಿಲಿನ ಕಡೆಯ ರವಿವಾರ ಓಡಿದ. ಕೂಡಿದ್ದು ಮೂವತ್ತೆಂಟು ಸಾವಿರ ರೂಪಾಯಿ. ಅಷ್ಟೂ ನೇರವಾಗಿ ಸಂಸ್ಥೆಗೆ ಹೋಯಿತು, ಕೊಟ್ಟವರಿಗೆಲ್ಲ ರಸೀದಿ ಬಂತು. ಅದರಲ್ಲಿ ಅವನದೆಷ್ಟೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೊರಡುವ ಮೊದಲೇ, ಈದ್‌ನ ಮೂರನೆಯ ದಿನ, ಅಣ್ಣತಮ್ಮಂದಿರು ಆರು ಸಾವಿರ ಹೊಂದಿಸಿಕೊಂಡು ಆ ಅಜ್ಜಿಯ ಮನೆಗೆ ಹೋಗಿದ್ದರು. ಸಾಕ್ಷಿಯಾಗಿ ನಾನೂ ಜೊತೆಗಿದ್ದೆ. ಅಜ್ಜಿ ಮೊದಲು ಬೇಡವೆಂದರು. "ಅಕಿ ಇಲ್ಲದ ಮ್ಯಾಲೆ ಎಂಥಾ ಸಾಲ ತಮ್ಮಾ?" ಎಂದರು. ಇದು ಅಮ್ಮಾನಿಗೆ ಸೇರಿದ ವಿಷಯವೆಂದು ಹುಡುಗ ಪಟ್ಟು ಹಿಡಿದ ಮೇಲೆ ಎರಡು ಸಲ ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು. ಆಮೇಲೆ ಓಟದ ಸುದ್ದಿ ಕೇಳಿ ಗಲ್ಲಕ್ಕೆ ಕೈಯಿಟ್ಟುಕೊಂಡು, "ಹತ್ತು ಕಿಲೋಮೀಟರ್ ಸುಮ್ ಸುಮ್ನ ಯಾಕ ಓಡ್ತೀಯೋ? ಯಾರ್ ಬೆನ್ನ ಹತ್ತ್ಯಾರ ನಿನಗ?" ಎಂದರು.

ಹುಡುಗ ನಕ್ಕ. ಎಷ್ಟೋ ದಿನಗಳ ಬಳಿಕ ಅವನು ನಕ್ಕದ್ದನ್ನು ಕಂಡೆನೆಂದು ಹಿಂತಿರುಗುವಾಗ ಅವನ ಅಣ್ಣ ನನಗೆ ಹೇಳಿದ.