ಬರುವುದಿಲ್ಲ ಎಂದವರು

ಈ ದೇಶಕ್ಕೆ ಬಂದು ನೆಲೆಸಿದ ನಮ್ಮಂಥ ಎಷ್ಟೋ ಕನ್ನಡದ ಮನೆಗಳಲ್ಲಿ ಶನಿವಾರದ ಬೆಳಗ್ಗೆ ಎಂದರೆ ಸಾಕರ್ ಮೈದಾನ. ಕಾರಿನ ಹಿಂದೆ ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಮಕ್ಕಳಿಗೆಲ್ಲ ಹಂಚಲು ಹೆಚ್ಚಿದ ಕಿತ್ತಳೆ. ಆಫ್‌ಸೈಡ್ ಎಂದರೇನೆಂದು ನಮಗೆ ಇಂದಿಗೂ ಸರಿಯಾಗಿ ತಿಳಿಯದು. ಆದರೆ 2019ರಲ್ಲಿ ಅಮೆರಿಕದ ಮಹಿಳೆಯರು ಫ್ರಾನ್ಸಿನಲ್ಲಿ ವಿಶ್ವಕಪ್ ಗೆದ್ದಾಗ ಮಗಳ ಕೋಣೆಯ ಗೋಡೆಯ ಮೇಲೆ ಮೆಗನ್ ರಪಿನೋ, ಟೋಬಿನ್ ಹೀತ್ ಇವರ ಚಿತ್ರಗಳು ಬಂದು ಕುಳಿತವು. ನಮ್ಮ ಮನೆಗೂ ಅವರು ನೆಂಟರಂತೆ ಆದರು.

ಮರುವರ್ಷ ಜೂನ್ ತಿಂಗಳಲ್ಲಿ, ಎಲ್ಲರೂ ಮನೆಯೊಳಗೇ ಕುಳಿತಿದ್ದಾಗ, ಮಗಳು ಒಂದು ಪ್ರಶ್ನೆ ಕೇಳಿದಳು. "ಆಟ ಮತ್ತೆ ಶುರುವಾಗುತ್ತಂತೆ. ಆದರೆ ಇವರಿಬ್ಬರೂ ಬರೋದಿಲ್ಲವಂತೆ. ಯಾಕೆ? ಹೆದರಿಕೆಯಾ?" ನಾವು ಟಿ.ವಿ. ನೋಡುತ್ತಲೇ "ಇರಬಹುದು" ಎಂದು ಹೇಳಿ ಮಾತು ಮುಗಿಸಿದೆವು. ಆ ಉತ್ತರ ಸರಿಯಾಗಿರಲಿಲ್ಲ ಎಂಬುದು ನಮಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಅದಕ್ಕಾಗಿಯೇ ಈ ಲೇಖನ.

ಮೊದಲು ನಡೆದದ್ದೇನೆಂದು ನೆನಪಿಸಿಕೊಳ್ಳೋಣ. ಇಲ್ಲಿನ ನ್ಯಾಷನಲ್ ವಿಮೆನ್ಸ್ ಸಾಕರ್ ಲೀಗ್‌ನಲ್ಲಿ ಆಗ 9 ತಂಡಗಳಿದ್ದವು. 2020ರ ಏಪ್ರಿಲ್‌ನಲ್ಲಿ ಆರಂಭವಾಗಬೇಕಿದ್ದ ಋತು ಕೋವಿಡ್‌ನಿಂದ ನಿಂತುಹೋಯಿತು. ಅದರ ಬದಲು ಯೂಟಾ ರಾಜ್ಯದಲ್ಲಿ ಒಂದು ತಿಂಗಳ ಪಂದ್ಯಾವಳಿ ನಡೆಸಲು ನಿರ್ಧಾರವಾಯಿತು. ಅದಕ್ಕೆ ಚಾಲೆಂಜ್ ಕಪ್ ಎಂದು ಹೆಸರು. ಎಲ್ಲ ತಂಡಗಳೂ ಒಂದೇ ಕಡೆ ಉಳಿಯಬೇಕು, ಪದೇ ಪದೇ ಪರೀಕ್ಷೆ ಮಾಡಿಸಿಕೊಳ್ಳಬೇಕು, ಪ್ರೇಕ್ಷಕರಿಲ್ಲದ ಮೈದಾನದಲ್ಲಿ ಆಡಬೇಕು. ಜೂನ್ 27ರಂದು ಹೆರಿಮನ್ ಎಂಬ ಊರಿನಲ್ಲಿ ಮೊದಲ ಪಂದ್ಯ ನಡೆಯಿತು. ಆ ಸಾಂಕ್ರಾಮಿಕದ ನಡುವೆ ಅಮೆರಿಕದಲ್ಲಿ ಮೈದಾನಕ್ಕೆ ಮರಳಿದ ಮೊದಲ ವೃತ್ತಿಪರ ತಂಡ ಕ್ರೀಡಾ ಲೀಗ್ ಇದೇ, ಗಂಡಸರದಲ್ಲ, ಹೆಂಗಸರದು.

ಬಂದೇ ಬರಬೇಕೆಂಬ ಒತ್ತಾಯವನ್ನು ಲೀಗ್ ಮಾಡಲಿಲ್ಲ. ಟೋಬಿನ್ ಹೀತ್ ಬರಲಿಲ್ಲ. ಜೊತೆಯವರೊಂದಿಗೆ ಆಡುವ ಆಸೆಯಿದೆ, ಆದರೆ ಈ ರೋಗದ ಅನಿಶ್ಚಿತತೆ ಮತ್ತು ಅಪಾಯದ ಕಾರಣ ಬರುವುದಿಲ್ಲ ಎಂದು ತಿಳಿಸಿದರು. ಯೂಟಾದ ತಂಡದವರೇ ಆದ ಕ್ರಿಸ್ಟನ್ ಪ್ರೆಸ್ ಕೂಡ ಬರಲಿಲ್ಲ. ರಪಿನೋ ವಿಷಯದಲ್ಲಿ, ಅವರು ಭಾಗವಹಿಸದಿರಲು ನಿರ್ಧರಿಸಿದ್ದಾರೆ ಎಂದಷ್ಟೇ ಅವರ ತಂಡ ಹೇಳಿತು. ಕಾರಣ ಹೇಳಲಿಲ್ಲ. ಪಂದ್ಯಾವಳಿಗೆ ಇನ್ನು 5 ದಿನ ಇರುವಾಗ ಒರ್ಲಾಂಡೋ ತಂಡದಲ್ಲಿ 6 ಆಟಗಾರ್ತಿಯರಿಗೂ 4 ಸಿಬ್ಬಂದಿಗೂ ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಬಂತು. ಆ ತಂಡವಿಡೀ ಹಿಂದೆ ಸರಿಯಿತು. ಹೆದರಿಕೆ ಬರೀ ಮನಸ್ಸಿನ ಕಲ್ಪನೆಯೇನೂ ಆಗಿರಲಿಲ್ಲ.

ಹಾಗೆಂದು ಬರುವುದಿಲ್ಲ ಎನ್ನುವವರ ವಿರುದ್ಧ ಹೇಳಲು ಏನೂ ಇಲ್ಲವೆ? ಇದೆ. ಅದನ್ನು ಹಗುರವಾಗಿ ನೋಡುವಂತೆಯೂ ಇಲ್ಲ. ಈ ದೇಶದಲ್ಲಿ ಮಹಿಳೆಯರ ಸಾಕರ್ ಲೀಗ್ ಎರಡು ಬಾರಿ ಹುಟ್ಟಿ ಎರಡು ಬಾರಿಯೂ ಮುಚ್ಚಿತ್ತು. 2001ರಲ್ಲಿ ಆರಂಭವಾದದ್ದು ಮೂರು ಋತು ನಡೆಯಿತು. 2009ರಲ್ಲಿ ಆರಂಭವಾದದ್ದೂ ಮೂರೇ ಋತು. 2013ರಲ್ಲಿ ಹುಟ್ಟಿದ ಈ ಮೂರನೆಯದು ಅಷ್ಟು ವರ್ಷ ಉಳಿದದ್ದೇ ದೊಡ್ಡ ಮಾತು. ಒಂದು ವರ್ಷ ಆಟವೇ ಇಲ್ಲದಿದ್ದರೆ ಅದೂ ಮುಳುಗಬಹುದಿತ್ತು. ಜನ ಟಿ.ವಿ. ಹಾಕುವುದು ಹೆಸರಾಂತ ಆಟಗಾರ್ತಿಯರನ್ನು ನೋಡಲು. ಮನೆ ಕಷ್ಟದಲ್ಲಿರುವಾಗ ದುಡಿಯುವ ಕೈಯೇ ಹಿಂದೆ ಸರಿದರೆ ಹೇಗೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಇಂಥ ಪ್ರಶ್ನೆ ಬಂದಾಗ ನಮ್ಮ ಮನಸ್ಸು ತಾನಾಗಿ ಮಹಾಭಾರತದ ಕಡೆಗೆ ಹೋಗುತ್ತದೆ. ಯುದ್ಧದಿಂದ ಹಿಂದೆ ಸರಿಯಲು ಹೊರಟವನು ಎಂದರೆ ನಮಗೆಲ್ಲ ನೆನಪಾಗುವುದು ಅರ್ಜುನ. ಎರಡು ಸೇನೆಗಳ ನಡುವೆ ರಥ ನಿಲ್ಲಿಸಿ ಬಿಲ್ಲು ಕೆಳಗಿಟ್ಟ. ಕೃಷ್ಣ ಬಿಡಲಿಲ್ಲ. ಆದ್ದರಿಂದ ಹಿಂದೆ ಸರಿಯುವುದು ತಪ್ಪು ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಆದರೆ ಅದೇ ಕಥೆಯಲ್ಲಿ ಇನ್ನೊಬ್ಬನಿದ್ದಾನೆ, ಬಲರಾಮ. ಎರಡೂ ಕಡೆಯವರು ನೆಂಟರು; ಭೀಮ, ದುರ್ಯೋಧನ ಇಬ್ಬರೂ ಅವನಿಂದ ಗದಾವಿದ್ಯೆ ಕಲಿತ ಶಿಷ್ಯರು. ಅವನು ಯುದ್ಧಕ್ಕೆ ಮೊದಲೇ ಪಾಂಡವರ ಬೀಡಿಗೆ ಬಂದು, ತಾನು ಇದರಲ್ಲಿ ಸೇರುವುದಿಲ್ಲ ಎಂದು ಹೇಳಿ, ಸರಸ್ವತಿಯ ದಡದ ತೀರ್ಥಗಳಿಗೆ ಹೊರಟುಹೋದ. ಅವನನ್ನು ಹೇಡಿ ಎಂದು ಯಾವ ಅಜ್ಜಿಯೂ ಕಥೆ ಹೇಳಿದ್ದಿಲ್ಲ.

ಇಬ್ಬರಿಗೂ ಏನು ವ್ಯತ್ಯಾಸ? ಅರ್ಜುನ ಒಪ್ಪಿಕೊಂಡು, ತನ್ನನ್ನು ನಂಬಿದವರನ್ನೆಲ್ಲ ಕಟ್ಟಿಕೊಂಡು ಮೈದಾನಕ್ಕೆ ಬಂದಿದ್ದ. ಬಲರಾಮ ಮೊದಲೇ, ಎದುರಿಗೆ ನಿಂತು, ಬರುವುದಿಲ್ಲ ಎಂದ. ಅವನನ್ನು ನಂಬಿ ಯಾರೂ ವ್ಯೂಹ ರಚಿಸಿರಲಿಲ್ಲ. ಇಲ್ಲ ಎನ್ನುವುದಕ್ಕೂ ಒಂದು ಕಾಲವಿದೆ, ಒಂದು ರೀತಿಯಿದೆ. ಹೀತ್, ರಪಿನೋ ಇಬ್ಬರೂ ಪಂದ್ಯಾವಳಿ ಶುರುವಾಗುವ ಮೊದಲೇ ತಿಳಿಸಿದರು. ಅವರ ಜಾಗಕ್ಕೆ ಬೇರೆಯವರನ್ನು ಸಿದ್ಧಮಾಡಲು ತಂಡಗಳಿಗೆ ಸಮಯ ಸಿಕ್ಕಿತು. ಅಷ್ಟರ ಮಟ್ಟಿಗೆ ಅವರದು ಬಲರಾಮನ ದಾರಿ.

ಆದರೆ ಮಾತು ಇಲ್ಲಿಗೇ ಮುಗಿಯುವುದಿಲ್ಲ. ಬಲರಾಮ ತೀರ್ಥಯಾತ್ರೆಗೆ ಹೋದ, ಸರಿ. ಅದೇ ಯಾದವರ ನಾರಾಯಣೀ ಸೇನೆ ಏನಾಯಿತು? ಕೃಷ್ಣ ಅದನ್ನು ದುರ್ಯೋಧನನಿಗೆ ಕೊಟ್ಟುಬಿಟ್ಟ. ಯುದ್ಧಕ್ಕೆ ಹೋಗಲು ಇಷ್ಟವೇ ಎಂದು ಆ ಸೈನಿಕರನ್ನು ಯಾರಾದರೂ ಕೇಳಿದರೆ? ಯಜಮಾನನಿಗೆ ಇಲ್ಲ ಎನ್ನುವ ಅವಕಾಶವಿತ್ತು, ಕಾಲಾಳಿಗೆ ಇರಲಿಲ್ಲ. ನಮಗೆ ನಿಜವಾದ ನೈತಿಕ ಪ್ರಶ್ನೆ ಇರುವುದು ಇಲ್ಲಿಯೇ ಎಂದು ತೋರುತ್ತದೆ.

ರಪಿನೋ, ಹೀತ್, ಪ್ರೆಸ್ ಮೂವರೂ ರಾಷ್ಟ್ರೀಯ ತಂಡದವರು. ಅವರ ಸಂಬಳ ಕೊಡುತ್ತಿದ್ದುದು ದೇಶದ ಸಾಕರ್ ಫೆಡರೇಷನ್. ಜಾಹೀರಾತಿನ ಆದಾಯವೂ ಇತ್ತು. ಅದೇ ಲೀಗ್‌ನಲ್ಲಿ ಆ ವರ್ಷದ ಕನಿಷ್ಠ ಸಂಬಳ ವರ್ಷಕ್ಕೆ 20,000 ಡಾಲರ್. ಈ ದೇಶದಲ್ಲಿ ಬಾಡಿಗೆ ಕಟ್ಟುವವರಿಗೆ ಅದು ಎಷ್ಟು ಸಣ್ಣ ಮೊತ್ತವೆಂದು ಬಿಡಿಸಿ ಹೇಳಬೇಕಿಲ್ಲ. ಅಂಥ ಹುಡುಗಿಯೊಬ್ಬಳು, ಮನೆಯಲ್ಲಿ ಆಸ್ತಮಾ ಇರುವ ತಾಯಿಯನ್ನು ನೆನೆದು, ಬರುವುದಿಲ್ಲ ಎನ್ನಲು ಸಾಧ್ಯವಿತ್ತೆ?

ಸಾಧ್ಯವಿತ್ತು. ಏಕೆಂದರೆ ಆಟಗಾರ್ತಿಯರ ಸಂಘ ಮೊದಲೇ ಕುಳಿತು ಮಾತಾಡಿ ಒಪ್ಪಂದ ಮಾಡಿಸಿತ್ತು. ಆಡಲಿ, ಬಿಡಲಿ, ಆ ವರ್ಷದ ಸಂಬಳ, ವಿಮೆ, ವಸತಿ ಎಲ್ಲರಿಗೂ ಸಿಗುತ್ತದೆ ಎಂದು ಲೀಗ್ ಒಪ್ಪಿತ್ತು. ಪುಟ್ಟ ಮಕ್ಕಳಿರುವ ತಾಯಂದಿರು ಮಕ್ಕಳನ್ನು ಕರೆತರಲೂ ಅವಕಾಶವಿತ್ತು. ಈ ಚಿಕ್ಕ ಸಾಲುಗಳು ಪತ್ರಿಕೆಗಳ ತಲೆಬರಹಕ್ಕೆ ಬರಲಿಲ್ಲ. ಆದರೆ ರಪಿನೋ ಬರಲಿಲ್ಲ ಎಂಬುದಕ್ಕಿಂತ ದೊಡ್ಡ ಸುದ್ದಿ ಇದೇ ಎಂದು ಈಗ ನಮಗೆ ಅನ್ನಿಸುತ್ತದೆ.

ಇದಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಅದೇ ಬೇಸಿಗೆಯಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಲೀಗ್ ಫ್ಲಾರಿಡಾದಲ್ಲಿ ಸೇರಿತು. ಅಲ್ಲಿ ವೈದ್ಯಕೀಯ ವಿನಾಯಿತಿ ಸಿಕ್ಕಿದವರಿಗೆ ಮಾತ್ರ ಸಂಬಳ. ತಾವಾಗಿ ಬಿಟ್ಟವರಿಗೆ ಇಲ್ಲ. 2019ರ ಅತ್ಯುತ್ತಮ ಆಟಗಾರ್ತಿ ಎನ್ನಿಸಿಕೊಂಡ ಎಲೆನಾ ಡೆಲ್ ಡಾನ್ ಅವರಿಗೆ ಬಹು ವರ್ಷಗಳಿಂದ ಲೈಮ್ ಕಾಯಿಲೆ. ದಿನಕ್ಕೆ 64 ಮಾತ್ರೆ ನುಂಗುತ್ತೇನೆ ಎಂದು ಅವರೇ ಬರೆದುಕೊಂಡರು. ಅವರ ಸ್ವಂತ ವೈದ್ಯರು ಬೇಡವೆಂದರೂ ಲೀಗ್‌ನ ವೈದ್ಯರ ಸಮಿತಿ ವಿನಾಯಿತಿ ಕೊಡಲಿಲ್ಲ. ಜೀವದ ಭಯವೋ ಸಂಬಳವೋ ಎಂದು ಆರಿಸಿಕೊಳ್ಳಬೇಕಾಯಿತು. ಕೊನೆಗೆ ಅವರ ತಂಡವೇ ಮುಂದೆ ಬಂದು ಸಂಬಳ ಕೊಡುವುದಾಗಿ ಹೇಳಿತು. ಅಷ್ಟು ಹೆಸರಿದ್ದವರಿಗೇ ತಮ್ಮ ಮಾತ್ರೆಗಳ ಲೆಕ್ಕವನ್ನು ಊರಿಗೆಲ್ಲ ಒಪ್ಪಿಸಬೇಕಾಯಿತು. ಹೆಸರಿಲ್ಲದವರ ಪಾಡೇನು?

ಹಿಂದೆ ಸರಿದವರಿಗೂ ಒಂದು ಕರ್ತವ್ಯವಿದೆ. ಬಲರಾಮ ಗದಾಯುದ್ಧದ ದಿನ ತಿರುಗಿ ಬಂದ. ಭೀಮ ತೊಡೆಗೆ ಹೊಡೆದದ್ದನ್ನು ಕಂಡು ಸಿಟ್ಟಿನಿಂದ ನೇಗಿಲು ಎತ್ತಿದ. ನಿಯಮದ ಪ್ರಕಾರ ಅವನ ಸಿಟ್ಟು ಸರಿಯೇ. ಆದರೂ ಅಷ್ಟು ದಿನ ದೂರವಿದ್ದವನು ಕೊನೆಯ ದಿನ ಬಂದು ತೀರ್ಪು ಕೊಡುವುದು ಕೇಳುವವರಿಗೆ ಕಷ್ಟ. ಹೋಗದವರು ಹೋದವರನ್ನು ಮೂರ್ಖರು ಎನ್ನಬಾರದು. ಹೋದವರು ಹೋಗದವರನ್ನು ಹೇಡಿಗಳು ಎನ್ನಬಾರದು.

ಹೋದವರಿಗೆ ಆ ಜುಲೈ ಸಾರ್ಥಕವೇ ಆಯಿತು. ಹೀತ್ ಇಲ್ಲದ ಪೋರ್ಟ್‌ಲ್ಯಾಂಡ್ ತಂಡಕ್ಕೆ, ಅದೇ ವರ್ಷ ಕಾಲೇಜಿನಿಂದ ಬಂದ ಮೋರ್ಗನ್ ವೀವರ್ ಕ್ವಾರ್ಟರ್ ಫೈನಲ್‌ನಲ್ಲಿ ಒಂದೇ ಒಂದು ಗೋಲು ಹೊಡೆದು, ಹಿಂದಿನ ಎರಡು ವರ್ಷವೂ ಚಾಂಪಿಯನ್ ಆಗಿದ್ದ ನಾರ್ತ್ ಕ್ಯಾರೋಲಿನಾವನ್ನು ಮನೆಗೆ ಕಳಿಸಿದರು. ಜುಲೈ 26ರಂದು ಹ್ಯೂಸ್ಟನ್ ತಂಡ ಷಿಕಾಗೋವನ್ನು 2-0ಯಿಂದ ಸೋಲಿಸಿ ತನ್ನ ಮೊಟ್ಟಮೊದಲ ಕಪ್ ಎತ್ತಿತು. ಲೀಗ್ ಮುಳುಗಲಿಲ್ಲ. ಬಾರದವರಿಂದ ಆಟ ಕೆಡಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಹೀತ್ ಮತ್ತು ಪ್ರೆಸ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು. "ನೋಡಿ, ಯೂಟಾಕ್ಕೆ ಬರಲು ಭಯ, ಸಮುದ್ರ ದಾಟಲು ಭಯವಿಲ್ಲ" ಎಂಬ ಮಾತು ನಮ್ಮ ಬಾಯಿಗೂ ಬಂದಿತ್ತು. ಆದರೆ ಜೂನ್‌ನಲ್ಲಿ ಇಲ್ಲ ಎಂದವರು ಸೆಪ್ಟೆಂಬರಿನಲ್ಲಿ ಹೂಂ ಎನ್ನಬಾರದೆಂದು ಎಲ್ಲಿದೆ? ಆ ಮೂರು ತಿಂಗಳಲ್ಲಿ ನಾವೆಲ್ಲರೂ ಎಷ್ಟು ಬಾರಿ ಮನಸ್ಸು ಬದಲಿಸಿರಲಿಲ್ಲ!

ಈಗ ನಮ್ಮದೇ ಮಾತು. 2021ರ ಬೇಸಿಗೆಯಲ್ಲಿ, ಲಸಿಕೆಯಾದ ಮೇಲೆ, ನಮ್ಮ ಗೆಳೆಯರ ಬಳಗ ಪಾರ್ಕಿನಲ್ಲಿ ಮತ್ತೆ ಒಟ್ಟುಸೇರಿತು. ಬಿಸಿಬೇಳೆಬಾತ್ ಮಾಡುವವರು ಯಾರು, ಮೊಸರನ್ನ ತರುವವರು ಯಾರು ಎಂದು ಪಟ್ಟಿ ಹಾಕಿದೆವು. ಒಂದು ಮನೆಯವರು "ಈ ಸಲ ಬರುವುದಿಲ್ಲ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ" ಎಂದರು. ನಾವು ಸುಮ್ಮನಿರದೆ ಫೋನು ಮಾಡಿದೆವು. "ಎಲ್ಲರೂ ಬರುತ್ತಿದ್ದಾರೆ, ನಿಮಗೇನು?" ಎಂದು ಕೇಳಿದೆವು. ಪ್ರೀತಿಯಿಂದಲೇ ಕೇಳಿದೆವು ಎಂದು ಅಂದುಕೊಂಡಿದ್ದೆವು. ಆಚೆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ "ಏನಿಲ್ಲ, ಹೀಗೇ" ಎಂದರು. ಅದಾದ ಮೇಲೆ ಅವರು ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಕಾರಣವೇನಿತ್ತೆಂದು ನಮಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ ಎಂಬುದು ಗೊತ್ತಾಗಿದೆ.

ಒಬ್ಬರು ಬರುವುದಿಲ್ಲ ಎಂದಾಗ ನಮ್ಮ ಮೊದಲ ಪ್ರಶ್ನೆ "ಯಾಕೆ?" ಎಂದಿರುತ್ತದೆ. ಅದರ ಬದಲು "ಹಾಗೆ ಹೇಳಲು ಇಲ್ಲಿ ಎಲ್ಲರಿಗೂ ಸಾಧ್ಯವಿದೆಯೆ?" ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಮೇಲು. ಹೆಸರಿದ್ದವರು, ಹಣವಿದ್ದವರು ಹೇಗೋ ಹೇಳಿಯಾರು. ಉಳಿದವರು ಹೇಳಬೇಕಾದರೆ ನಾಲ್ಕು ಜನ ಮೊದಲೇ ಕುಳಿತು ಅದಕ್ಕೊಂದು ದಾರಿ ಮಾಡಿರಬೇಕು, ಆ ಆಟಗಾರ್ತಿಯರ ಸಂಘ ಮಾಡಿದ ಹಾಗೆ.

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಆ ಚಿತ್ರಗಳು ಗೋಡೆಯ ಮೇಲೆ ಹಾಗೇ ಇವೆ. ಕಳೆದ ಸಲ ಅವಳು ಮನೆಗೆ ಬಂದಾಗ, ಅಂದು ಕೊಟ್ಟ ಉತ್ತರ ತಪ್ಪಾಗಿತ್ತು ಎಂದು ಹೇಳಿದೆವು. "ಯಾವ ಉತ್ತರ?" ಎಂದಳು. ಅವಳಿಗೆ ನೆನಪಿರಲಿಲ್ಲ. ಕುಳಿತು ಮೊದಲಿನಿಂದ ಹೇಳಿದೆವು.